ಶತ್ರುವಾಗುವುದೇ ಇವರ ಡ್ಯೂಟಿ

ಅಮೆರಿಕದ ಸೇನೆಯಲ್ಲಿ ಒಂದು ರೆಜಿಮೆಂಟ್ ಇದೆ. ಅಮೆರಿಕದ ಸೇನೆಯನ್ನು ಸೋಲಿಸುವುದೇ ಅದರ ಕೆಲಸ. ತಮಾಷೆ ಅಲ್ಲ, ಸರ್ಕಾರವೇ ಸಂಬಳ ಕೊಟ್ಟು ಒಪ್ಪಿಸಿರುವ ಕೆಲಸ. ಹೆಸರು 11ನೇ ಆರ್ಮರ್ಡ್ ಕ್ಯಾವಲ್ರಿ ರೆಜಿಮೆಂಟ್, ಅಡ್ಡಹೆಸರು ಬ್ಲ್ಯಾಕ್‌ಹಾರ್ಸ್. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಫೋರ್ಟ್ ಇರ್ವಿನ್ ಅಂತ ಒಂದು ಸೇನಾ ನೆಲೆ ಇದೆ. ಅಲ್ಲೇ ಇವರ ವಾಸ. ವರ್ಷಕ್ಕೆ ಸುಮಾರು 10 ಸಲ ದೇಶದ ಬೇರೆ ಬೇರೆ ಕಡೆಯಿಂದ ಒಂದೊಂದು ಬ್ರಿಗೇಡ್ ಇಲ್ಲಿಗೆ ಬಂದಿಳಿಯುತ್ತದೆ. ನಾಲ್ಕೈದು ಸಾವಿರ ಸೈನಿಕರು, ಜೊತೆಗೆ ಟ್ಯಾಂಕು, ಫಿರಂಗಿ, ಹೆಲಿಕಾಪ್ಟರು. ಬ್ಲ್ಯಾಕ್‌ಹಾರ್ಸ್‌ನವರು ಭೂಪಟದಲ್ಲೇ ಇಲ್ಲದ ‘ಡೊನೋವಿಯಾ’ ಎಂಬ ದೇಶದ ಸೈನಿಕರಾಗಿ ಅವರ ಮೇಲೆ ಬೀಳುತ್ತಾರೆ. ಬಹಳ ಸಲ ಗೆಲ್ಲುತ್ತಾರೆ ಕೂಡ.

ಸೇನಾ ನೆಲೆಯ ಬಗ್ಗೆ ಬರೆಯಲು ಕೂತರೆ ಮೊದಲು ಹೊಳೆಯುವುದು ಪಟ್ಟಿ. ಯಾವ ಯಾವ ತುಕಡಿಗಳಿವೆ, ಎಷ್ಟು ಎಕರೆ ಜಾಗ, ಎಷ್ಟು ಜನ. ಫೋರ್ಟ್ ಇರ್ವಿನ್ ವಿಷಯದಲ್ಲಿ ಆ ಪಟ್ಟಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ನೋಡಬೇಕಾದ್ದು ಇಲ್ಲಿ ಹಾಕುವ ಶತ್ರುವಿನ ವೇಷವನ್ನು. ಆ ವೇಷವನ್ನು ಯಾರೋ ಕೂತು, ಮುಂದಿನ ಯುದ್ಧ ಹೀಗಿರಬಹುದು ಅಂತ ಊಹಿಸಿ ಹೊಲಿದಿರುತ್ತಾರೆ. ಊಹೆ ಸರಿಯಿದ್ದರೆ ಇಲ್ಲಿ ಸೋತವನು ನಿಜವಾದ ಯುದ್ಧದಲ್ಲಿ ಬದುಕಿ ಉಳಿಯಬಹುದು. ತಪ್ಪಿದ್ದರೆ, ಎಂದೂ ಬಾರದ ಯುದ್ಧಕ್ಕೆ ಚೆನ್ನಾಗಿ ತಯಾರಾಗಿ ಮನೆಗೆ ಹೋಗುತ್ತಾನೆ. 2022ರಲ್ಲಿ ರಷ್ಯಾ ಯುಕ್ರೇನ್ ಮೇಲೆ ನುಗ್ಗಿದ ಮೇಲೆ ಈ ವೇಷವನ್ನು ಮತ್ತೊಮ್ಮೆ ಬಿಚ್ಚಿ ಹೊಲಿಯಬೇಕಾಗಿ ಬಂದಿದೆ. ಈ ಸಲ ಹೊಲಿಗೆ ಮುಗಿಯುವ ಮೊದಲೇ ಅಳತೆ ಬದಲಾಗುತ್ತಿದೆ.

ಯಾರಿಗೂ ಬೇಡವಾದ ಜಾಗ

ಈ ನೆಲೆ ಶುರುವಾಗಿದ್ದು 1940ರಲ್ಲಿ, ವಿಮಾನಗಳನ್ನು ಹೊಡೆಯುವ ಫಿರಂಗಿಗಳ ಅಭ್ಯಾಸಕ್ಕೆ. ಯುದ್ಧ ಬಂದಾಗ ತೆರೆಯುವುದು, ಮುಗಿದಾಗ ಬಾಗಿಲು ಹಾಕುವುದು, ಹೀಗೇ ನಡೆದಿತ್ತು. 1971ರಲ್ಲಿ ಮತ್ತೆ ಮುಚ್ಚಿದರು. ಆಮೇಲೆ ಅದು ಕ್ಯಾಲಿಫೋರ್ನಿಯಾ ನ್ಯಾಷನಲ್ ಗಾರ್ಡ್, ಅಂದರೆ ಆ ರಾಜ್ಯದ ಮೀಸಲು ಸೇನೆಯ ಕೈಗೆ ಹೋಯಿತು. ಹತ್ತಿರದ ಊರು ಬಾರ್ಸ್ಟೋ ಸುಮಾರು 60 ಕಿಲೋಮೀಟರ್ ದೂರ. ಸುತ್ತ ಬೋಳು ಬೆಟ್ಟ, ಒಣಗಿದ ಕೆರೆಯಂಗಳ, ಕಾಲಿಟ್ಟಲ್ಲೆಲ್ಲ ದೂಳು. ಉತ್ತರಕ್ಕೆ ಡೆತ್ ವ್ಯಾಲಿ. ಯಾರಿಗೂ ಬೇಡವಾದ ಜಾಗ ಅಂದರೆ ತಪ್ಪಾಗಲಾರದು. ಟ್ಯಾಂಕು ಓಡಿಸುವವರಿಗೆ ಬೇಕಾಗಿದ್ದೂ ಅಂಥ ಜಾಗವೇ.

ಯಾಕೆ ಬೇಕಾಯಿತು ಅನ್ನುವುದಕ್ಕೆ 1973ಕ್ಕೆ ಹೋಗಬೇಕು. ಆ ಅಕ್ಟೋಬರಿನಲ್ಲಿ ಈಜಿಪ್ಟ್ ಮತ್ತು ಸಿರಿಯಾ ಇಸ್ರೇಲ್ ಮೇಲೆ ದಾಳಿ ಮಾಡಿದವು. ಮೂರು ವಾರದೊಳಗೆ ಎಲ್ಲ ಕಡೆಯವರದ್ದೂ ಸೇರಿ ಎರಡು ಸಾವಿರಕ್ಕೂ ಹೆಚ್ಚು ಟ್ಯಾಂಕುಗಳು ಹಾಳಾದವು. ಹೆಗಲ ಮೇಲೆ ಹೊತ್ತು ನಡೆಯಬಹುದಾದ ಕ್ಷಿಪಣಿ ಟ್ಯಾಂಕನ್ನು ಕೆಡವಬಲ್ಲದು ಅಂತ ಜಗತ್ತಿಗೆ ಗೊತ್ತಾಗಿದ್ದು ಆಗ. ವಿಯೆಟ್ನಾಂನಿಂದ ಸೋತು ಸುಣ್ಣವಾಗಿ ಬಂದಿದ್ದ ಅಮೆರಿಕದ ಸೇನೆ ಅದನ್ನು ನೋಡಿ ಬೆಚ್ಚಿತು. ಯುರೋಪಿನಲ್ಲಿ ಸೋವಿಯತ್ ಟ್ಯಾಂಕುಗಳು ನುಗ್ಗಿದರೆ ಮೊದಲ ಕಾಳಗವೇ ಕೊನೆಯ ಕಾಳಗ ಆಗಿಬಿಡಬಹುದು. ಸೋತು ಕಲಿತು ಎರಡನೇ ಸಲ ಸರಿಮಾಡಿಕೊಳ್ಳಲು ಸಮಯವೇ ಸಿಗುವುದಿಲ್ಲ.

ದಾರಿ ತೋರಿಸಿದ್ದು ನೌಕಾಪಡೆಯ ಪೈಲಟ್‌ಗಳು. ವಿಯೆಟ್ನಾಂನಲ್ಲಿ ಶತ್ರುವಿನ ಎರಡು ವಿಮಾನ ಬೀಳಿಸುವಷ್ಟರಲ್ಲಿ ಇವರದ್ದೊಂದು ಬೀಳುತ್ತಿತ್ತು. 1969ರಲ್ಲಿ ಅವರು ಟಾಪ್‌ಗನ್ ಶಾಲೆ ತೆರೆದರು. ತಮ್ಮಲ್ಲೇ ಕೆಲವರಿಗೆ ಶತ್ರುವಿನ ಹಾಗೆ ಹಾರುವುದನ್ನು ಕಲಿಸಿ, ಉಳಿದವರನ್ನು ಅವರ ಎದುರು ಬಿಟ್ಟರು. ಯುದ್ಧದ ಕೊನೆಯ ಹಂತದಲ್ಲಿ ಲೆಕ್ಕ ಸುಮಾರು 12ಕ್ಕೆ 1 ಆಯಿತು. ಆಕಾಶದಲ್ಲಿ ಆಗುವುದಾದರೆ ನೆಲದ ಮೇಲೆ ಯಾಕಾಗಬಾರದು ಅಂತ ಜನರಲ್ ವಿಲಿಯಂ ಡಿಪ್ಯೂ, ಪಾಲ್ ಗೋರ್ಮನ್ ಮುಂತಾದವರು ಯೋಚಿಸಿದರು. 1979ರಲ್ಲಿ ಫೋರ್ಟ್ ಇರ್ವಿನ್‌ ಆಯ್ಕೆಯಾಯಿತು. 1980ರ ಅಕ್ಟೋಬರಿನಲ್ಲಿ ನ್ಯಾಷನಲ್ ಟ್ರೈನಿಂಗ್ ಸೆಂಟರ್ ಹುಟ್ಟಿತು. ಆಗ ಸೇನೆಯ ತರಬೇತಿ ವಿಭಾಗದ ಮುಖ್ಯಸ್ಥರಾಗಿದ್ದವರು ಜನರಲ್ ಡಾನ್ ಸ್ಟಾರಿ. ವಿಯೆಟ್ನಾಂನಲ್ಲಿ ಬ್ಲ್ಯಾಕ್‌ಹಾರ್ಸ್ ರೆಜಿಮೆಂಟನ್ನು ಮುನ್ನಡೆಸಿದ್ದವರೂ ಇವರೇ. ಆ ರೆಜಿಮೆಂಟು 1972ರಿಂದ 1994ರವರೆಗೆ ಜರ್ಮನಿಯ ಫುಲ್ಡಾ ಕಣಿವೆಯಲ್ಲಿ, ಸೋವಿಯತ್ ಟ್ಯಾಂಕುಗಳು ಬರಬಹುದಾದ ದಾರಿಯನ್ನು ಕಾಯುತ್ತಾ ಕೂತಿತ್ತು. ಕಾದ ಶತ್ರು ಬರಲೇ ಇಲ್ಲ. 1994ರಲ್ಲಿ ಫೋರ್ಟ್ ಇರ್ವಿನ್‌ಗೆ ಬಂದು, ಅದುವರೆಗೆ ಆ ವೇಷದಲ್ಲಿದ್ದ ತುಕಡಿಯ ಜಾಗದಲ್ಲಿ ತಾನೇ ಆ ಶತ್ರುವಾಯಿತು.

ಸತ್ತವನಿಗೂ ಕಾಗದಪತ್ರ

ನೆಲೆಯಲ್ಲಿ ಖಾಯಂ ಇರುವವರು ಮುಖ್ಯವಾಗಿ ಮೂರು ಬಗೆ. ಒಂದು, ಶತ್ರುವಿನ ವೇಷದ ಬ್ಲ್ಯಾಕ್‌ಹಾರ್ಸ್. ಎರಡು, ಆಪರೇಷನ್ಸ್ ಗ್ರೂಪ್. ಇವರು ಅಂಪೈರುಗಳೂ ಹೌದು, ಮೇಷ್ಟ್ರುಗಳೂ ಹೌದು. ಇವರ ತಂಡಗಳಿಗೆ ಸ್ಕಾರ್ಪಿಯನ್, ಟರಾಂಟುಲಾ, ಕೋಬ್ರಾ ಅಂತೆಲ್ಲ ಹೆಸರು. ಚೇಳು, ದೊಡ್ಡ ಜೇಡ, ನಾಗರಹಾವು! ಪಾಠ ಹೇಳುವವರಿಗೆ ಒಳ್ಳೆಯ ಹೆಸರುಗಳೇ. ಮೂರು, ಇಂಧನ, ರಿಪೇರಿ, ಆಸ್ಪತ್ರೆ, ಸಾಗಣೆ ನೋಡಿಕೊಳ್ಳುವವರು. ಇವರ ಬಗ್ಗೆ ಯಾರೂ ಬರೆಯುವುದಿಲ್ಲ. ನಾನೂ ಮುಂದೆ ಹೋಗುತ್ತೇನೆ.

ಬರುವ ಬ್ರಿಗೇಡಿನ ಟ್ಯಾಂಕುಗಳು ರೈಲಿನಲ್ಲಿ ಬಂದು ಬಾರ್ಸ್ಟೋ ಪಕ್ಕದ ಯೆರ್ಮೊದಲ್ಲಿ ಇಳಿಯುತ್ತವೆ. ಮೊದಲ ಕೆಲವು ದಿನ ಬಿಡಾರ, ತಯಾರಿ. ಬಿಡಾರದ ಜಾಗಕ್ಕೆ ಸೈನಿಕರು ಇಟ್ಟ ಹೆಸರು ‘ಡಸ್ಟ್ ಬೌಲ್’, ದೂಳಿನ ಬಟ್ಟಲು. ಆಮೇಲೆ ಸುಮಾರು ಎರಡು ವಾರ ‘ಬಾಕ್ಸ್’ನೊಳಗೆ. ಬಾಕ್ಸ್ ಅಂದರೆ ತಾಲೀಮಿನ ಬಯಲು. ಇಡೀ ನೆಲೆಯ ವಿಸ್ತಾರ 1,000 ಚದರ ಮೈಲಿಗೂ ಹೆಚ್ಚು, ಅಂದರೆ 2,500 ಚದರ ಕಿಲೋಮೀಟರಿಗೂ ಮೀರಿದ್ದು.

ಒಳಗೆ ಹೋದ ಮೇಲೆ ಎಲ್ಲ ಬಂದೂಕುಗಳಿಗೂ ಲೇಸರ್, ಎಲ್ಲರ ಮೈಮೇಲೂ ಅದನ್ನು ಹಿಡಿಯುವ ಸೆನ್ಸರ್. ಖಾಲಿ ಮದ್ದಿನ ಗುಂಡು ಹಾರಿಸಿದರೆ ಲೇಸರ್ ಹೊರಡುತ್ತದೆ. ತಾಗಿದವನ ಸೆನ್ಸರ್ ಕಿರುಚುತ್ತದೆ. ಟ್ಯಾಂಕಿಗೆ ತಾಗಿದರೆ ದೀಪ ಮಿನುಗುತ್ತದೆ. ಅಂಪೈರುಗಳ ಕೈಯಲ್ಲಿ ಇನ್ನೊಂದು ಸಾಧನ ಇರುತ್ತದೆ. ಅದನ್ನು ತೋರಿಸಿ ಯಾರನ್ನು ಬೇಕಾದರೂ ‘ಕೊಲ್ಲಬಹುದು’, ಮತ್ತೆ ಬದುಕಿಸಬಹುದು. ಸೈನಿಕರು ಅದನ್ನು ‘ದೇವರ ಗನ್’ ಅನ್ನುತ್ತಾರೆ.

ಸತ್ತವನು ಸುಮ್ನೆ ಎದ್ದು ಹೋಗಿ ನೆರಳಲ್ಲಿ ಕೂರುವ ಹಾಗಿಲ್ಲ. ನನಗೆ ಈ ಇಡೀ ಏರ್ಪಾಡಿನಲ್ಲಿ ತುಂಬ ಹಿಡಿಸಿದ ಭಾಗ ಇದು. ಪ್ರತಿಯೊಬ್ಬನಿಗೂ ಒಂದು ಚೀಟಿ ಇರುತ್ತದೆ. ಎಲ್ಲಿ ಗಾಯ, ಎಷ್ಟು ಗಂಭೀರ ಅಂತ ಅದರಲ್ಲಿ ಬರೆದಿರುತ್ತದೆ. ಅವನ ತುಕಡಿ ಅವನನ್ನು ಹೊತ್ತು, ಗಾಡಿ ಹುಡುಕಿ, ಚಿಕಿತ್ಸೆಯ ಜಾಗಕ್ಕೆ ತಲುಪಿಸಬೇಕು. ಹೊತ್ತಿಗೆ ಸರಿಯಾಗಿ ತಲುಪಿಸದಿದ್ದರೆ ಗಾಯಾಳು ‘ಗಾಯದಿಂದ ಸತ್ತ’ ಅಂತ ಲೆಕ್ಕ. ಆಮೇಲೆ ಅವನ ಬದಲಿಗೆ ಇನ್ನೊಬ್ಬ ಬೇಕು ಅಂತ ಕಾಗದಪತ್ರ ಸರಿಯಾಗಿ ಹೋಗಬೇಕು. ಹೋಗದಿದ್ದರೆ ಅವನ ಜಾಗ ಖಾಲಿಯೇ. ಧೈರ್ಯ, ಗುರಿ, ಯುದ್ಧತಂತ್ರ ಎಲ್ಲ ಇದ್ದ ತುಕಡಿಯೂ ಇಲ್ಲಿ ಗುಮಾಸ್ತಿಕೆಯಲ್ಲಿ ಸೋಲಬಹುದು. ನಿಜವಾದ ಯುದ್ಧದಲ್ಲಿ ಆಗುವುದೂ ಹೀಗೇ ಅಲ್ವಾ? ಡೀಸೆಲ್ ಬರಲಿಲ್ಲ, ರೇಡಿಯೊದ ಬ್ಯಾಟರಿ ಮುಗಿಯಿತು, ನಕ್ಷೆಯಲ್ಲಿ ತೋರಿಸಿದ ಬೆಟ್ಟವೇ ಬೇರೆ, ಹತ್ತಿದ ಬೆಟ್ಟವೇ ಬೇರೆ.

ಪ್ರತಿ ಕಾಳಗದ ನಂತರ ಎಲ್ಲರನ್ನೂ ಕೂರಿಸಿ ವಿಮರ್ಶೆ. ಏನು ಆಗಬೇಕಿತ್ತು, ಏನಾಯಿತು, ಯಾಕಾಯಿತು, ಮುಂದಿನ ಸಲ ಏನು ಮಾಡುತ್ತೀರಿ. ಯಾವ ವಾಹನ ಎಷ್ಟು ಹೊತ್ತಿಗೆ ಎಲ್ಲಿತ್ತು ಅಂತ ಯಂತ್ರಗಳು ದಾಖಲಿಸಿರುತ್ತವೆ. ಹಾಗಾಗಿ ‘ನಾವು ಸರಿಯಾದ ಜಾಗದಲ್ಲೇ ಇದ್ದೆವು’ ಅಂತ ಕರ್ನಲ್ ಹೇಳಿದರೂ ನಡೆಯುವುದಿಲ್ಲ. ಕಿರಿಯ ಅಧಿಕಾರಿ ಎಲ್ಲರೆದುರು ಹಿರಿಯನ ಯೋಜನೆಯ ತಪ್ಪು ಹೇಳಬಹುದು. ಪಾಸು-ಫೇಲು ಅಂತ ಫಲಿತಾಂಶ ಇಲ್ಲ. ಸೇನೆಯಂಥ ಮೇಲು-ಕೆಳಗಿನ ಜಗತ್ತಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಲೇಸರ್ ಸಾಮಾನನ್ನು ದುಡ್ಡಿದ್ದ ದೇಶ ಯಾವುದೂ ಕೊಳ್ಳಬಹುದು. ಈ ಸಭೆಯ ರೂಢಿಯನ್ನು ಕೊಳ್ಳಲು ಬರುವುದಿಲ್ಲ.

ಸೋಲುವುದರ ಲೆಕ್ಕಾಚಾರ

ಬ್ಲ್ಯಾಕ್‌ಹಾರ್ಸ್ ಯಾಕೆ ಗೆಲ್ಲುತ್ತದೆ? ಉತ್ತರ ಸರಳ. ಬರುವ ಬ್ರಿಗೇಡಿನ ಕಮಾಂಡರ್ ತನ್ನ ಎರಡು ವರ್ಷದ ಅವಧಿಯಲ್ಲಿ ಸಾಮಾನ್ಯವಾಗಿ ಒಂದೇ ಸಲ ಇಲ್ಲಿಗೆ ಬರುತ್ತಾನೆ. ಬ್ಲ್ಯಾಕ್‌ಹಾರ್ಸ್ ಸೈನಿಕ ಇದೇ ಕಾಳಗವನ್ನು ವರ್ಷಕ್ಕೆ ಹತ್ತು ಸಲ ಆಡುತ್ತಾನೆ. ಯಾವ ಕಣಿವೆಯಲ್ಲಿ ರೇಡಿಯೊ ಹಿಡಿಯುವುದಿಲ್ಲ, ಟೀಫೋರ್ಟ್ ಬೆಟ್ಟದ ಯಾವ ಮಗ್ಗುಲಲ್ಲಿ ಟ್ಯಾಂಕು ಅಡಗಿಸಬಹುದು, ಬೆಳಿಗ್ಗೆ ಬಿಸಿಲು ಯಾರ ಕಣ್ಣಿಗೆ ಹೊಡೆಯುತ್ತದೆ, ಎಲ್ಲ ಗೊತ್ತು. ಗರಡಿಯ ಮಣ್ಣು ಗೊತ್ತಿರುವ ಪೈಲ್ವಾನನ ಎದುರು ಹೊರಗಿನಿಂದ ಬಂದವನು ಮೊದಲ ದಿನ ಮಣ್ಣು ಮುಕ್ಕುತ್ತಾನೆ. ಅಮೆರಿಕದ ಸೇನೆಯಲ್ಲಿ ಎಲ್ಲರಿಗಿಂತ ಜಾಸ್ತಿ ತಾಲೀಮು ಪಡೆದವನು ಅದರ ಶತ್ರುವಿನ ಪಾತ್ರಧಾರಿ ಅನ್ನುವುದು ವಿಚಿತ್ರ ಆದರೂ ನಿಜ.

ಇದಕ್ಕೊಂದು ದೂರು ಮೊದಲಿನಿಂದಲೂ ಇದೆ. ಮನೆಯಂಗಳದಲ್ಲಿ ಆಡುವವನಿಗೆ ಸೋಲುವುದರಿಂದ ಏನು ಕಲಿತ ಹಾಗಾಯಿತು? ದೂರಿನಲ್ಲಿ ಅರ್ಧ ಸತ್ಯ ಇದೆ. ನಿಜವಾದ ಯುದ್ಧದಲ್ಲೂ ಎದುರಾಳಿ ಅವನ ಅಂಗಳದಲ್ಲೇ ಇರುತ್ತಾನೆ, ಅಮೆರಿಕದವರು ಹೊರಗಿನಿಂದ ಹೋಗಿರುತ್ತಾರೆ ಅನ್ನುವುದು ಉಳಿದರ್ಧ.

1991ರ ಕೊಲ್ಲಿ ಯುದ್ಧದ ನಂತರ ಫೋರ್ಟ್ ಇರ್ವಿನ್‌ಗೆ ದೊಡ್ಡ ಹೆಸರು ಬಂತು. ಇರಾಕಿನವರಿಗಿಂತ ಇರ್ವಿನ್‌ನ ಎದುರಾಳಿಯೇ ಕಷ್ಟ ಅಂತ ಯುದ್ಧದಿಂದ ವಾಪಸಾದವರು ಹೇಳಿದ ಮಾತು ಸೇನೆಯಲ್ಲಿ ಇವತ್ತಿಗೂ ಓಡಾಡುತ್ತದೆ. ಆ ಮಾತನ್ನು ನಾನು ಸ್ವಲ್ಪ ಕಡಿಮೆ ಮಾಡಿಕೊಂಡೇ ನಂಬುತ್ತೇನೆ. ನೆಲದ ಯುದ್ಧ ಶುರುವಾಗುವ ಹೊತ್ತಿಗೆ ಇರಾಕಿ ಸೇನೆ ಐದು ವಾರಕ್ಕೂ ಹೆಚ್ಚು ಕಾಲ ಬಾಂಬು ತಿಂದಿತ್ತು. ಅವರ ಟ್ಯಾಂಕುಗಳಿಗೆ ದೂಳು, ಕತ್ತಲೆಯಲ್ಲಿ ಕಾಣುತ್ತಿರಲಿಲ್ಲ. ಅಮೆರಿಕದ ಟ್ಯಾಂಕುಗಳಿಗೆ ಕಾಣುತ್ತಿತ್ತು. ಜೊತೆಗೆ ಯುದ್ಧವೂ ಮರುಭೂಮಿಯಲ್ಲೇ ಆಯಿತು, ತಾಲೀಮು ನಡೆದಂಥ ನೆಲದಲ್ಲೇ. ಇರಾಕಿನ ಟ್ಯಾಂಕುಗಳೂ ಸೋವಿಯತ್ ಮಾದರಿಯವು. ಹೊಲಿದಿಟ್ಟ ವೇಷ ಆ ಒಂದು ಸಲ ಎದುರಾಳಿಗೆ ಹೆಚ್ಚೂಕಮ್ಮಿ ಸರಿಯಾಗಿ ಕೂತಿತ್ತು. ಅಂಥ ಅದೃಷ್ಟ ಮತ್ತೆ ಸಿಗಲಿಲ್ಲ.

ಮೂರು ವೇಷಗಳು

ಮೊದಲ ವೇಷದ ಹೆಸರು ಕ್ರಾಸ್ನೋವಿಯಾ. ಸೋವಿಯತ್ ಒಕ್ಕೂಟದ ಹೆಸರು ಹೇಳದೆ ಹೇಳುವ ಉಪಾಯ. ಶೆರಿಡನ್ ಎಂಬ ಹಳೆಯ ಹಗುರ ಟ್ಯಾಂಕುಗಳಿಗೆ ಮೇಲೊಂದು ಚಿಪ್ಪು ಹಾಕಿ ಸೋವಿಯತ್ ಟ್ಯಾಂಕಿನ ಹಾಗೆ ಕಾಣಿಸುತ್ತಿದ್ದರು. ಸೈನಿಕರಿಗೆ ಸೋವಿಯತ್ ಪುಸ್ತಕದ ಪ್ರಕಾರ ಸಾಲುಗಟ್ಟಿ ನುಗ್ಗುವುದನ್ನು ಕಲಿಸಿದ್ದರು.

2003ರಲ್ಲಿ ಇರಾಕಿಗೆ ಹೋದ ಸೇನೆಗೆ ಎದುರಾದದ್ದು ಟ್ಯಾಂಕಿನ ಸಾಲುಗಳಲ್ಲ, ರಸ್ತೆ ಬದಿಯಲ್ಲಿ ಹೂತಿಟ್ಟ ಬಾಂಬು. ಯೂನಿಫಾರ್ಮ್ ಇಲ್ಲದ ಶತ್ರು. ಮಾತು ಬಾರದ ಊರು. ಫೋರ್ಟ್ ಇರ್ವಿನ್ ಬೇಗಬೇಗ ಬದಲಾಯಿತು. ಮರುಭೂಮಿಯಲ್ಲಿ ಹಳ್ಳಿಗಳು ಎದ್ದವು. ಅರಬ್ಬಿ ಮಾತಾಡುವ ಜನರನ್ನು ಕರೆತಂದು ಮೇಯರ್, ಅಂಗಡಿಯವ, ಪೊಲೀಸ್, ಬಂಡುಕೋರ ಅಂತ ಪಾತ್ರ ಕೊಟ್ಟರು. ಅವರಲ್ಲಿ ಇರಾಕ್ ಮೂಲದ ಅಮೆರಿಕನ್ನರೂ ಇದ್ದರು. ಟ್ಯಾಂಕಿನ ಕಮಾಂಡರುಗಳು ಚಹಾ ಕುಡಿಯುತ್ತಾ ಹಳ್ಳಿಯ ಹಿರಿಯರನ್ನು ಒಲಿಸಿಕೊಳ್ಳುವುದನ್ನು ಅಭ್ಯಾಸ ಮಾಡಿದರು. 2005ರ ಹೊತ್ತಿಗೆ ಸೈನಿಕರ ಕೊರತೆ ಎಷ್ಟಿತ್ತೆಂದರೆ ಬ್ಲ್ಯಾಕ್‌ಹಾರ್ಸ್‌ನವರನ್ನೇ ಇರಾಕಿಗೆ ಕಳಿಸಿದರು. ಅವರ ಗೈರಿನಲ್ಲಿ ನೆವಾಡಾ ನ್ಯಾಷನಲ್ ಗಾರ್ಡ್‌ನ ತುಕಡಿ ಶತ್ರುವಿನ ಪಾತ್ರ ಮಾಡಿತು.

ಆ ವೇಷ ಆಗಿನ ಯುದ್ಧಕ್ಕೆ ಸರಿಯಾಗಿತ್ತು. ಬೆಲೆ ಆಮೇಲೆ ಗೊತ್ತಾಯಿತು. ಹತ್ತು ವರ್ಷ ಹಳ್ಳಿ ಕಾಯುವುದನ್ನೇ ಕಲಿತ ಅಧಿಕಾರಿಗಳಿಗೆ ಇಡೀ ಬ್ರಿಗೇಡನ್ನು ರಾತ್ರೋರಾತ್ರಿ ಮುಂದಕ್ಕೆ ಒಯ್ಯುವುದು, ಫಿರಂಗಿ, ಟ್ಯಾಂಕು, ಹೆಲಿಕಾಪ್ಟರು ಒಟ್ಟಿಗೆ ಕೆಲಸ ಮಾಡುವಂತೆ ನೋಡಿಕೊಳ್ಳುವುದು ಮರೆತುಹೋಗಿತ್ತು. ಇರಾಕಿನಲ್ಲಿ ದೊಡ್ಡ ಶಿಬಿರದಲ್ಲಿ ಕೂತು, ವಿದ್ಯುತ್ತು, ಇಂಟರ್ನೆಟ್ಟು, ದೊಡ್ಡ ಪರದೆಗಳ ಎದುರು ಯುದ್ಧ ನಡೆಸಿದ ಅಭ್ಯಾಸ. ಮೇಲಿನಿಂದ ಯಾರೂ ಬಾಂಬು ಹಾಕುವುದಿಲ್ಲ ಅನ್ನುವ ನಂಬಿಕೆ ಬೇರೆ. 2012ರ ಸುಮಾರಿಗೆ ಫೋರ್ಟ್ ಇರ್ವಿನ್ ಮತ್ತೆ ದೊಡ್ಡ ಸೇನೆಯ ಎದುರಿನ ಯುದ್ಧಕ್ಕೆ ತಿರುಗಿತು. ಡೊನೋವಿಯಾ ಬಂದಿದ್ದು ಈ ಹಂತದಲ್ಲಿ. ಹೆಸರು ಮಾತ್ರ ಬೇರೆ, ಮೈಕಟ್ಟು ರಷ್ಯಾದ್ದೇ.

ಕಿಸೆಯಲ್ಲಿರುವ ಸಿಗರೇಟು

2022ರ ಏಪ್ರಿಲ್ ಹೊತ್ತಿಗಾಗಲೇ, ಅಂದರೆ ಯುಕ್ರೇನ್ ಯುದ್ಧಕ್ಕೆ ಎರಡು ತಿಂಗಳೂ ತುಂಬುವ ಮೊದಲೇ, ಇಲ್ಲಿನ ತಾಲೀಮಿನಲ್ಲಿ ಅದರ ಗುರುತು ಕಾಣುತ್ತಿತ್ತು. ನಕಲಿ ಊರಿನಲ್ಲಿ ರಷ್ಯನ್ ಮಾತಾಡುವ ಪಾತ್ರಧಾರಿಗಳು ಬಂದರು. ಬಂದ ಬ್ರಿಗೇಡಿನ ಮೇಲೆ ಸುಳ್ಳು ಸುದ್ದಿ ಹರಡುವುದೂ ಶತ್ರುವಿನ ಕೆಲಸದಲ್ಲಿ ಸೇರಿತು.

ಅದಕ್ಕಿಂತ ಆಳವಾದ ಬದಲಾವಣೆ ಮೊಬೈಲ್ ಫೋನಿನದ್ದು. ಇಲ್ಲಿನ ಕಮಾಂಡರ್ ಆಗಿದ್ದವರೊಬ್ಬರು ಮೊಬೈಲನ್ನು ಕಂದಕದಲ್ಲಿ ಹಚ್ಚಿದ ಸಿಗರೇಟಿಗೆ ಹೋಲಿಸಿದ್ದರು. ಹಿಂದಿನ ಯುದ್ಧಗಳಲ್ಲಿ ರಾತ್ರಿ ಸಿಗರೇಟಿನ ಕೆಂಡ ನೋಡಿ ಗುಂಡು ಹೊಡೆಯುತ್ತಿದ್ದರು. ಈಗ ಫೋನಿನ ಸಿಗ್ನಲ್ ನೋಡಿ. ಅಲ್ಲಿನವರೇ ಹೇಳಿಕೊಂಡ ಒಂದು ಪ್ರಸಂಗ ಕೇಳಿ. ತಾಲೀಮಿಗೆ ಬಂದಿದ್ದ ಅಪಾಚೆ ಹೆಲಿಕಾಪ್ಟರು ಶತ್ರುವಿನ ವಾಯುರಕ್ಷಣೆಗೆ ಸಿಗದೆ ಚೆನ್ನಾಗಿಯೇ ನುಸುಳಿ ಹೋಯಿತು. ಆಮೇಲೆ ದುಡ್ಡು ಕೊಟ್ಟರೆ ಯಾರಿಗೂ ಸಿಗುವ ಫೋನ್ ಲೊಕೇಶನ್ ಮಾಹಿತಿ ತೆಗೆದು ನೋಡಿದರು. ಮರುಭೂಮಿಯ ಮಧ್ಯೆ ಒಂದು ಫೋನು ಗಂಟೆಗೆ 120 ಮೈಲಿ ವೇಗದಲ್ಲಿ ಓಡಿತ್ತು! ಹೆಲಿಕಾಪ್ಟರಿನ ದಾರಿ ಪೂರ್ತಿ ಸಿಕ್ಕಿತು. ಕೋಟಿಗಟ್ಟಲೆ ಡಾಲರಿನ ಯಂತ್ರ ಅಡಗಿಕೊಂಡಿತ್ತು. ಒಳಗಿದ್ದವನ ಕಿಸೆಯಲ್ಲಿದ್ದ ಫೋನು ಅಡಗಿರಲಿಲ್ಲ.

ದೊಡ್ಡ ಪೆಟ್ಟು ಬಿದ್ದಿರುವುದು ಕಮಾಂಡ್ ಪೋಸ್ಟ್‌ಗಳಿಗೆ. ಬ್ರಿಗೇಡಿನ ಮುಖ್ಯ ಕಚೇರಿ ಅಂದರೆ ಹತ್ತಾರು ಡೇರೆ, ಜನರೇಟರು, ಆಂಟೆನಾ, ಸಾಲು ವಾಹನ. ರಾತ್ರಿ ಮರುಭೂಮಿ ತಣ್ಣಗಾದಾಗ ಜನರೇಟರಿನ ಬಿಸಿ ಡ್ರೋನಿನ ಕ್ಯಾಮೆರಾದಲ್ಲಿ ದೀಪದ ಹಾಗೆ ಹೊಳೆಯುತ್ತದೆ. ರೇಡಿಯೊ ಅಲೆಗಳಂತೂ ಕೂಗಿ ಕರೆದ ಹಾಗೆ. ಹಾಗಾಗಿ ಈಗ ಕಚೇರಿಯನ್ನು ನಾಲ್ಕಾರು ವಾಹನಕ್ಕೆ ಇಳಿಸುವುದು, ಒಂದೇ ಕಡೆ ಜಾಸ್ತಿ ಹೊತ್ತು ನಿಲ್ಲದಿರುವುದು, ಚದುರಿ ಕೂರುವುದು, ಇದೇ ಅಭ್ಯಾಸ. ಹೇಳಿದಷ್ಟು ಸುಲಭ ಅಲ್ಲ. ಚದುರಿದರೆ ಮಾತಾಡಿಕೊಳ್ಳಲು ಮತ್ತೆ ರೇಡಿಯೊ ಬೇಕು. ಮಾತಾಡಿದರೆ ಸಿಕ್ಕಿಬೀಳುತ್ತಾರೆ. ಮಾತಾಡದಿದ್ದರೆ ಒಬ್ಬರಿಗೊಬ್ಬರು ಗೊತ್ತಾಗುವುದಿಲ್ಲ.

ಇಲ್ಲಿಂದ ಮುಂದೆ ಫೋರ್ಟ್ ಇರ್ವಿನ್‌ಗೇ ತೊಡಕು. ಮೊದಲ ಎರಡು ವೇಷಗಳನ್ನು ಹಳೆಯ ಟ್ಯಾಂಕಿನ ಚಿಪ್ಪಿನಿಂದ, ಪಾತ್ರಧಾರಿಗಳಿಂದ ಮಾಡಿ ಮುಗಿಸಬಹುದಿತ್ತು. ಯುಕ್ರೇನ್ ತೋರಿಸಿದ ಯುದ್ಧವನ್ನು ಹಾಗೆ ಮಾಡಲು ಬರುವುದಿಲ್ಲ. ಅಲ್ಲಿ ಡ್ರೋನುಗಳು ಸಾವಿರಗಳ ಲೆಕ್ಕದಲ್ಲಿ ಬರುತ್ತವೆ. ಅವುಗಳ ರೇಡಿಯೊ ಕೆಡಿಸಲು ಎರಡೂ ಕಡೆಯವರು ಹಗಲೂ ರಾತ್ರಿ ಜ್ಯಾಮರ್ ಓಡಿಸುತ್ತಾರೆ. ಕೆಲವೇ ತಿಂಗಳಲ್ಲಿ ಉಪಾಯ, ತಿರುಗು ಉಪಾಯ ಎಲ್ಲ ಹಳತಾಗುತ್ತವೆ. ಅಮೆರಿಕದ ಒಳಗೆ ಹಾಗೆಲ್ಲ ಜ್ಯಾಮರ್ ಹಚ್ಚಲು ಬಿಡುವುದಿಲ್ಲ. ಈ ಮರುಭೂಮಿಯ ಮೇಲೆ ಲಾಸ್ ಏಂಜಲೀಸ್, ಲಾಸ್ ವೇಗಾಸ್ ಕಡೆಯ ವಿಮಾನಗಳು ಓಡಾಡುತ್ತವೆ. ಜಿಪಿಎಸ್ ಕೆಡಿಸುವ ತಾಲೀಮು ಇದ್ದರೆ ಪೈಲಟ್‌ಗಳಿಗೆ ಮುಂಚೆಯೇ ಸೂಚನೆ ಕೊಡಬೇಕು. ಇನ್ನೊಂದು ಮಜಾ ನೋಡಿ, ನಾಸಾದ ಗೋಲ್ಡ್‌ಸ್ಟೋನ್ ಕೇಂದ್ರ ಇರುವುದೂ ಈ ನೆಲೆಯ ಎಲ್ಲೆಯೊಳಗೇ. ಅದರ ದೊಡ್ಡ ಆಂಟೆನಾಗಳು ಸೌರಮಂಡಲದ ಆಚೆಗಿರುವ ನೌಕೆಗಳ ಪಿಸುಮಾತು ಕೇಳಿಸಿಕೊಳ್ಳುತ್ತವೆ. ಪಕ್ಕದಲ್ಲೇ ರೇಡಿಯೊ ಗದ್ದಲ ಎಬ್ಬಿಸಬೇಕಾದವರು ಅದನ್ನೂ ನೋಡಿಕೊಂಡೇ ಎಬ್ಬಿಸಬೇಕು.

ಸಾವಿನ ಲೆಕ್ಕವೂ ಜಟಿಲವಾಗಿದೆ. ಲೇಸರ್ ನೇರ ಹೋಗುತ್ತದೆ, ಕಾಣುವವನನ್ನು ಕೊಲ್ಲುತ್ತದೆ. ಕಂದಕದ ಮೇಲಿಂದ ಇಳಿದು ಬರುವ ಡ್ರೋನು, 30 ಕಿಲೋಮೀಟರ್ ದೂರದಿಂದ ಬೀಳುವ ಗುಂಡು, ಇವುಗಳ ಸಾವನ್ನು ಲೆಕ್ಕ ಹಾಕಲು ಅಂಪೈರೋ ಕಂಪ್ಯೂಟರೋ ಬೇಕು. ಅಂಪೈರ್ ‘ನೀನು ಸತ್ತೆ’ ಅಂದಾಗ ಸೈನಿಕ ಗೊಣಗುತ್ತಾ ಒಪ್ಪುತ್ತಾನೆ. ಮೈಮೇಲಿನ ಸೆನ್ಸರ್ ಕಿರುಚಿದಾಗ ಆಗುವ ಗಾಬರಿ ಇದರಲ್ಲಿ ಹುಟ್ಟುವುದಿಲ್ಲ. ನನ್ನ ಪ್ರಕಾರ ಈ ನೆಲೆಯ ಈಗಿನ ದೊಡ್ಡ ಕೊರತೆ ಇದೇ. ಡ್ರೋನು ಕೊಳ್ಳುವುದು ಸುಲಭ, ಅದರ ಭಯವನ್ನು ತಾಲೀಮಿನಲ್ಲಿ ಹುಟ್ಟಿಸುವುದು ಕಷ್ಟ.

ಜರ್ಮನಿಯಿಂದ ಹೋದ ಬ್ರಿಗೇಡ್

ತಾಲೀಮು ಮತ್ತು ಯುದ್ಧದ ನಡುವಿನ ಅಂತರ ಎದ್ದು ಕಂಡ ಪ್ರಸಂಗ ಇನ್ನೊಂದಿದೆ. ಅದು ಅಮೆರಿಕದ ಬ್ರಿಗೇಡಿನದ್ದಲ್ಲ. 2023ರ ಜನವರಿಯಲ್ಲಿ ಅಮೆರಿಕದ ಸೇನೆ ಜರ್ಮನಿಯ ಗ್ರಾಫೆನ್‌ವೋರ್ ನೆಲೆಯಲ್ಲಿ ಯುಕ್ರೇನ್ ಸೈನಿಕರಿಗೆ ದೊಡ್ಡ ತರಬೇತಿ ಶುರುಮಾಡಿತು. ಸುಮಾರು ಐದು ವಾರ. ಟ್ಯಾಂಕು, ಪದಾತಿ, ಫಿರಂಗಿ ಒಟ್ಟಿಗೆ ನುಗ್ಗುವ ಅಮೆರಿಕದ ಪದ್ಧತಿ. ಜೂನಿನಲ್ಲಿ, ಅಲ್ಲಿ ಕಲಿತು, ಬ್ರ್ಯಾಡ್ಲಿ ಎಂಬ ಅಮೆರಿಕದ ಕವಚದ ವಾಹನಗಳನ್ನು ಪಡೆದಿದ್ದ ಯುಕ್ರೇನಿನ 47ನೇ ಬ್ರಿಗೇಡ್ ದಕ್ಷಿಣ ಯುಕ್ರೇನಿನ ಮಾಲಾ ತೋಕ್‌ಮಾಚ್ಕಾ ಬಳಿ ದಾಳಿಗೆ ಇಳಿಯಿತು. ನೆಲಬಾಂಬುಗಳ ಹೊಲದಲ್ಲಿ ಸಿಕ್ಕಿಕೊಂಡಿತು. ಒಂದರ ಪಕ್ಕ ಒಂದು ನಿಂತ ಬ್ರ್ಯಾಡ್ಲಿ, ಜರ್ಮನ್ ಟ್ಯಾಂಕುಗಳಾದ ಲೆಪರ್ಡ್‌ಗಳ ಚಿತ್ರ ಎಲ್ಲ ಕಡೆ ಹರಡಿತು.

ಇದನ್ನು ತರಬೇತಿಯ ಸೋಲು ಅಂತ ಒಂದೇ ಮಾತಲ್ಲಿ ಹೇಳಿಬಿಡುವುದು ಅನ್ಯಾಯ. ಅವರ ಹತ್ತಿರ ಹೇಳಿಕೊಳ್ಳುವಂಥ ವಾಯುಬಲ ಇರಲಿಲ್ಲ, ನೆಲಬಾಂಬು ತೆಗೆಯುವ ಯಂತ್ರ ಸಾಕಷ್ಟಿರಲಿಲ್ಲ, ರಷ್ಯಾದವರಿಗೆ ಕೋಟೆ ಕಟ್ಟಿಕೊಳ್ಳಲು ತಿಂಗಳುಗಟ್ಟಲೆ ಸಮಯ ಸಿಕ್ಕಿತ್ತು. ಆದರೂ ಒಂದು ಮಾತು ನಿಲ್ಲುತ್ತದೆ. ಕಲಿಸಿದ ಪದ್ಧತಿ ಆಕಾಶ ತನ್ನದೇ ಅಂತ ನಂಬಿದ ಸೇನೆಯ ಪದ್ಧತಿ. ಆಕಾಶ ಯಾರದ್ದೂ ಅಲ್ಲದ ಕಡೆ ಏನು ಮಾಡಬೇಕು ಅನ್ನುವುದು ಕಲಿಸುವವರಿಗೂ ಆಗ ಅನುಭವದಿಂದ ಗೊತ್ತಿರಲಿಲ್ಲ. ಅದಾದ ಮೇಲೆ ಪಾಠದ ದಿಕ್ಕು ಬಹಳಷ್ಟು ತಿರುಗಿದೆ. ಯುಕ್ರೇನಿನಿಂದ ಬರುವ ಸುದ್ದಿ ಓದಿ ಅಮೆರಿಕದ ನೆಲೆಗಳು ತಮ್ಮ ಶತ್ರುವನ್ನು ತಿದ್ದುತ್ತಿವೆ.

ಇಂಥ ನೆಲೆ ಇರ್ವಿನ್ ಒಂದೇ ಅಲ್ಲ. ಲೂಯಿಸಿಯಾನಾದ ಕಾಡು, ಜೌಗಿನಲ್ಲಿ ಫೋರ್ಟ್ ಪೋಕ್ ಇದೆ. ಅಲ್ಲಿ ಶತ್ರುವಿನ ಹೆಸರು ಜೆರೊನಿಮೊ. 2023ರಲ್ಲಿ ನೆಲೆಯ ಹೆಸರನ್ನು ಫೋರ್ಟ್ ಜಾನ್ಸನ್ ಅಂತ ಬದಲಿಸಿ, 2025ರಲ್ಲಿ ಮತ್ತೆ ಪೋಕ್ ಮಾಡಿದರು. ಈ ಸಲ ಅದೇ ಸರ್‌ನೇಮಿನ ಬೇರೊಬ್ಬ ಪೋಕ್ ಹೆಸರಿನಲ್ಲಿ. ಬೋರ್ಡು ಬರೆಯುವವನಿಗೆ ಮಾತ್ರ ಸುಗ್ಗಿ. ಜರ್ಮನಿಯ ಹೋಹೆನ್‌ಫೆಲ್ಸ್‌ನಲ್ಲಿ ಮೂರನೆಯದು. ಅಲ್ಲಿ ನ್ಯಾಟೋ ದೇಶಗಳ ತುಕಡಿಗಳೂ ಬರುತ್ತವೆ. ಹವಾಯಿ ಮತ್ತು ಅಲಾಸ್ಕಾದಲ್ಲಿ ಈಚೆಗೆ ಇನ್ನೊಂದು ಏರ್ಪಾಡು ಶುರುವಾಗಿದೆ, ಪೆಸಿಫಿಕ್ ಕಡೆಯ ಯುದ್ಧದ ಲೆಕ್ಕದಲ್ಲಿ. ಅಲ್ಲಿನವರು ಅವರ ಕಾಡು, ಹಿಮದಲ್ಲೇ ತಾಲೀಮು ಮಾಡಲಿ ಅಂತ.

ಆಮೆಗಳ ಜಾಗ

ಆಯುಧಗಳ ಕೈ ಉದ್ದವಾದಷ್ಟೂ ಬಯಲು ಸಣ್ಣದಾಗುತ್ತದೆ. 1980ರಲ್ಲಿ ಒಂದೆರಡು ಬೆಟಾಲಿಯನ್‌ಗೆ ಸಾಕಾಗಿದ್ದ ಜಾಗ ಬ್ರಿಗೇಡ್‌ಗೆ ಸಾಲದಾಯಿತು. 2001ರಲ್ಲಿ ಅಮೆರಿಕದ ಸಂಸತ್ತು ಇನ್ನಷ್ಟು ಭೂಮಿ ಬಿಟ್ಟುಕೊಟ್ಟಿತು. ಅಲ್ಲಿ ಮರುಭೂಮಿಯ ಆಮೆಗಳಿದ್ದವು. 1990ರಿಂದ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿರುವ ಆಮೆಗಳು. 2008ರಲ್ಲಿ ನೂರಾರು ಆಮೆಗಳನ್ನು ಎತ್ತಿ ಬೇರೆ ಕಡೆ ಬಿಟ್ಟರು. ಬರಗಾಲ ಇತ್ತು, ಮೊಲ-ಇಲಿ ಸಿಗದೆ ಹಸಿದಿದ್ದ ಕಯೋಟಿ ಎಂಬ ಸಣ್ಣ ತೋಳಗಳು ಆಮೆಗಳ ಮೇಲೆ ಬಿದ್ದವು. ತುಂಬಾ ಆಮೆಗಳು ಸತ್ತವು. ಸ್ಥಳಾಂತರವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು.

ಈಗ ಮಾತು ಬ್ರಿಗೇಡನ್ನೂ ದಾಟಿ ಡಿವಿಷನ್‌ವರೆಗೆ ಹೋಗಿದೆ. ಅಂದರೆ ಹತ್ತು ಸಾವಿರಕ್ಕೂ ಹೆಚ್ಚು ಜನ. ಅಷ್ಟು ಜನರನ್ನು ನಿಜವಾಗಿ ಓಡಾಡಿಸುವ ಬಯಲು ಎಲ್ಲೂ ಇಲ್ಲ. ಹಾಗಾಗಿ ಒಂದು ಬ್ರಿಗೇಡ್ ಮಣ್ಣಿನಲ್ಲಿ, ಉಳಿದವು ಕಂಪ್ಯೂಟರಿನಲ್ಲಿ, ಹೀಗೆ ಬೆರೆಸಿ ನಡೆಸುತ್ತಾರೆ. ಜನರಲ್‌ಗಳಿಗೆ ಇದು ಸಾಕಾಗಬಹುದು. ಡೀಸೆಲ್ ಟ್ಯಾಂಕರ್ ಓಡಿಸುವವನಿಗೆ ಸಾಲದು. ಕಂಪ್ಯೂಟರಿನಲ್ಲಿ ಟೈರು ಪಂಕ್ಚರ್ ಆಗುವುದಿಲ್ಲ.

ಬ್ಲ್ಯಾಕ್‌ಹಾರ್ಸ್ ಸೈನಿಕನ ಕಥೆಯೂ ಇಷ್ಟೇ ತೊಡಕಿನದು. ಮೂರು ವರ್ಷದ ಆಸುಪಾಸಿನಲ್ಲಿ ಅವನಿಗೆ ವರ್ಗ ಆಗುತ್ತದೆ. ಅಷ್ಟರಲ್ಲಿ ಅವನು ಎಷ್ಟೋ ಬ್ರಿಗೇಡುಗಳು ಎಲ್ಲೆಲ್ಲಿ ಎಡವುತ್ತವೆ ಅಂತ ಕಣ್ಣಾರೆ ನೋಡಿರುತ್ತಾನೆ. ಸೇನೆಯಲ್ಲಿ ಅಂಥ ತಿಳಿವಳಿಕೆ ಇನ್ನಾರಿಗೂ ಇರುವುದಿಲ್ಲ. ಹೊಸ ತುಕಡಿಯಲ್ಲಿ ಅವನನ್ನು ಯಾರಾದರೂ ಕೂರಿಸಿ ಕೇಳುತ್ತಾರಾ ಅನ್ನುವುದು ಅಲ್ಲಿನ ಮೇಲಧಿಕಾರಿಯ ಬುದ್ಧಿಗೆ ಬಿಟ್ಟದ್ದು. ಶತ್ರುವಿನ ಪಾಠ ಕಲಿತವನು ಇತ್ತ ತನ್ನದೇ ಸೇನೆಯ ಎಷ್ಟೋ ಪಾಠಗಳನ್ನು ಹೊಸದಾಗಿ ಶುರುಮಾಡಬೇಕು.

ಕೊನೆಯ ದಿನ ಬ್ರಿಗೇಡಿನವರು ಲೇಸರ್, ಸೆನ್ಸರ್ ಬಿಚ್ಚಿ ಲೆಕ್ಕ ಒಪ್ಪಿಸುತ್ತಾರೆ. ಟ್ಯಾಂಕು ತೊಳೆಯುತ್ತಾರೆ, ಆದರೂ ಸಂದುಗಳಲ್ಲಿ ದೂಳು ಉಳಿಯುತ್ತದೆ. ಯೆರ್ಮೊದಲ್ಲಿ ರೈಲಿಗೆ ಏರಿಸುತ್ತಾರೆ. ಅಷ್ಟು ಹೊತ್ತಿಗೆ ಮುಂದಿನ ಬ್ರಿಗೇಡಿನವರು ಡಸ್ಟ್ ಬೌಲ್‌ನಲ್ಲಿ ಡೇರೆ ಹಾಕಲು ತಯಾರಾಗುತ್ತಿರುತ್ತಾರೆ. ಬೆಟ್ಟದ ಆ ಕಡೆ ಬ್ಲ್ಯಾಕ್‌ಹಾರ್ಸ್‌ನವರು ಡ್ರೋನಿನ ಬ್ಯಾಟರಿ ಚಾರ್ಜಿಗೆ ಹಾಕುತ್ತಾರೆ.